ಕಾರು ಆಫ್ ಮಾಡಿದ ಮೇಲೂ ಎಂಜಿನ್ ಬಿಸಿ ಏರುತ್ತಾ?

ಹೊಸಲೈಸೆನ್ಸ್

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ.

ನನ್ನದು 11 ವರ್ಷ ಹಳೆಯ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್. ಮೊನ್ನೆ ಹೈವೇಯಲ್ಲಿ ಒಂದೂವರೆ ಗಂಟೆ ಓಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಟೆಂಪರೇಚರ್ ಮುಳ್ಳು ನಡುವೆಯೇ ಇತ್ತು, ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಗಾಡಿ ನಿಲ್ಲಿಸಿ ಕೀ ತೆಗೆದುಕೊಂಡು ಹೋದೆ, ಹತ್ತು ನಿಮಿಷಕ್ಕೆ ವಾಪಸ್ ಬಂದೆ. ಕೀ ತಿರುಗಿಸಿದರೆ ಮುಳ್ಳು ಒಂದು ಗೆರೆ ಮೇಲೆ ನಿಂತಿದೆ! ಗಾಬರಿಯಾಯಿತು. ಆದರೆ ಸ್ಟಾರ್ಟ್ ಮಾಡಿ ಒಂದು ನಿಮಿಷ ಆಗುವಷ್ಟರಲ್ಲಿ ತಾನಾಗಿಯೇ ನಡುವಿಗೆ ಇಳಿಯಿತು.

ಇಸ್ತ್ರಿ ಪೆಟ್ಟಿಗೆ ಸ್ವಿಚ್ ಆರಿಸಿದರೆ ಬಿಸಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇಲ್ಲಿ ಹೇಗೆ ಏರಿತು?

ಒಂದು ಗ್ಯಾರೇಜಿನಲ್ಲಿ ಕೇಳಿದೆ. ಬಾನೆಟ್ ಕೂಡ ಎತ್ತದೆ, "ಓವರ್‌ಹೀಟ್ ಆಗ್ತಿದೆ, ಥರ್ಮೋಸ್ಟ್ಯಾಟ್ ಕಿತ್ತುಬಿಡೋಣ, ತಣ್ಣಗಿರುತ್ತೆ" ಅಂದರು. ಯಾಕೋ ಮನಸ್ಸು ಒಪ್ಪಲಿಲ್ಲ, ವಾಪಸ್ ಬಂದೆ. ಅಂದಹಾಗೆ, ಆಫ್ ಮಾಡಿದ ಮೇಲೆ ಫ್ಯಾನ್ ಮೂರು ನಿಮಿಷ ತಿರುಗುತ್ತಲೇ ಇತ್ತು. ಬಾನೆಟ್ ಒಳಗಿಂದ ಸ್ವಲ್ಪ ಗುಳುಗುಳು ಅಂತಲೂ ಕೇಳಿಸಿತು. ಅದೆಲ್ಲ ಮಾಮೂಲು ಅಲ್ವಾ?

ಗ್ರೀಸ್‌ಕೈ

ಮೊದಲ ಮಾತು: ಥರ್ಮೋಸ್ಟ್ಯಾಟ್ ಮುಟ್ಟಲು ಬಿಡಬೇಡಿ. ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್ ಅದು. ಅದನ್ನು ಕಿತ್ತರೆ ಎಂಜಿನ್ ಬಿಸಿಯಾಗುವುದಕ್ಕೇ ಅರ್ಧ ದಾರಿ ಬೇಕಾಗುತ್ತದೆ. ಅಷ್ಟು ಹೊತ್ತೂ ಅದು ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಸವೆತ ಶುರುವಾಗುವುದು ಅಲ್ಲಿಂದಲೇ.

ಈಗ ಮುಳ್ಳಿನ ವಿಷಯ. ಎಂಜಿನ್ ಒಳಗೆ ಎಲ್ಲ ಕಡೆಯೂ ಒಂದೇ ಬಿಸಿ ಇರುವುದಿಲ್ಲ. ಕೂಲಂಟ್ (ಎಂಜಿನ್ ತಣಿಸುವ ನೀರು) 90 ಡಿಗ್ರಿ ಆಸುಪಾಸಿನಲ್ಲಿದ್ದರೆ ಪಿಸ್ಟನ್ ತಲೆ 250-300ರಲ್ಲಿರುತ್ತದೆ. ಎಕ್ಸಾಸ್ಟ್ ವಾಲ್ವಿನ ತಲೆ 700ರ ಹತ್ತಿರ. ಹೊಗೆ ಹೊರಗೆ ಒಯ್ಯುವ ಮ್ಯಾನಿಫೋಲ್ಡ್ 500 ದಾಟುವುದು ದೊಡ್ಡ ವಿಷಯವೇ ಅಲ್ಲ. ಗಾಡಿ ಓಡುವಾಗ ವಾಟರ್ ಪಂಪ್ ಈ ಬಿಸಿಯನ್ನು ಬಿಡದೆ ರೇಡಿಯೇಟರಿಗೆ ಸಾಗಿಸುತ್ತಿರುತ್ತದೆ, ಮುಂದಿನಿಂದ ಬರುವ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ.

ನೀವು ಕೀ ತಿರುಗಿಸಿದಿರಿ. ಉರಿ ನಿಂತಿತು, ಸರಿ. ಆದರೆ ನಿಮ್ಮ ಕಾರಿನಂಥ ಗಾಡಿಗಳಲ್ಲಿ ವಾಟರ್ ಪಂಪ್ ತಿರುಗಿಸುವುದು ಎಂಜಿನ್ನಿನ ಬೆಲ್ಟ್. ಹಾಗಾಗಿ ಪಂಪೂ ನಿಂತಿತು. ಗಾಳಿಯೂ ನಿಂತಿತು. ಬಿಸಿ ಹುಟ್ಟುವುದು ನಿಂತ ಕ್ಷಣವೇ ಬಿಸಿ ಹೊರಹೋಗುವ ದಾರಿಯೂ ಮುಚ್ಚಿಹೋಯಿತು. ಆಗ ಹೆಡ್ (ಎಂಜಿನ್ನಿನ ಮೇಲ್ಭಾಗ) ಮತ್ತು ಮ್ಯಾನಿಫೋಲ್ಡಿನ ಬಿಸಿ ಎಲ್ಲಿಗೆ ಹೋಗಬೇಕು? ಪಕ್ಕದಲ್ಲೇ ನಿಂತ ನೀರಿಗೆ. ನೀರು ಏರುತ್ತದೆ. ಟೆಂಪರೇಚರ್ ಸೆನ್ಸರ್ ಇರುವುದೂ ಸಾಮಾನ್ಯವಾಗಿ ಹೆಡ್ ಬಳಿಯೇ, ಅದು ಆ ಮೂಲೆಯ ಸುದ್ದಿಯನ್ನು ಮಾತ್ರ ಹೇಳುತ್ತದೆ. ನಾವು ಇದಕ್ಕೆ ಹೀಟ್ ಸೋಕ್ ಅನ್ನುತ್ತೇವೆ. ಮತ್ತೆ ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನಲ್ಲಿದ್ದ ತಣ್ಣನೆ ನೀರು ಒಳಗೆ ಬರುತ್ತದೆ, ಮುಳ್ಳು ಇಳಿಯುತ್ತದೆ. ನೀವು ನೋಡಿದ್ದು ಅದನ್ನೇ.

ಗುಳುಗುಳು ಮಾತ್ರ ಮಾಮೂಲಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಕೆಳಗೆ ಗಾಡಿ ಕಾಯುತ್ತಿದೆ.

ಬಿಸಿಲುಕುದುರೆ

ಅಷ್ಟೆಲ್ಲ ಯಾಕೆ? ನಿಲ್ಲಿಸಿದ ಮೇಲೆ ರೇಡಿಯೇಟರ್ ಮೇಲೆ ಒಂದು ಬಕೆಟ್ ತಣ್ಣೀರು ಸುರಿದರಾಯಿತು. ನಮ್ಮ ಕಡೆ ಲಾರಿ ಡ್ರೈವರುಗಳು ಹಾಗೇ ಮಾಡುತ್ತಿದ್ದರು.

ಗ್ರೀಸ್‌ಕೈ

ದಯವಿಟ್ಟು ಬೇಡ. ರೇಡಿಯೇಟರ್ ಹೇಗೋ ತಡೆದುಕೊಳ್ಳಬಹುದು. ಅದೇ ನೀರು ಮ್ಯಾನಿಫೋಲ್ಡಿಗೆ ಎರಚಿದರೆ ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಇನ್ನು ಅಲ್ಯೂಮಿನಿಯಂ ಹೆಡ್ಡು ಕಬ್ಬಿಣದ ಬ್ಲಾಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಕುಗ್ಗುವುದೂ ಅಷ್ಟೇ. ಎರಡರ ನಡುವೆ ಸಿಕ್ಕಿಕೊಂಡಿರುವುದು ಒಂದು ತೆಳ್ಳನೆಯ ಗ್ಯಾಸ್ಕೆಟ್. ನಿಧಾನವಾಗಿ ತಣ್ಣಗಾಗಲಿ, ಯಾರಿಗೂ ಅವಸರವಿಲ್ಲ.

ಬಾನೆಟ್ ಎತ್ತಿಟ್ಟರೆ ಬಿಸಿಗಾಳಿ ಮೇಲೆ ಹೋಗಿ ಸ್ವಲ್ಪ ಬೇಗ ಆರುತ್ತದೆ, ಅದು ನಿಜ. ಆದರೆ ಫ್ಯಾನ್ ಹತ್ತಿರ ಕೈ ಒಯ್ಯಬೇಡಿ. ಕೀ ಜೇಬಿನಲ್ಲಿದ್ದರೂ ಅದು ತಾನಾಗಿಯೇ ತಿರುಗಬಹುದು. ನನ್ನ ಎಡಗೈ ತೋರುಬೆರಳ ಉಗುರು ಈಗಲೂ ಸೊಟ್ಟಗೆ ಬೆಳೆಯುತ್ತದೆ.

ಲೆಕ್ಕದಮೇಷ್ಟ್ರು

ಇಸ್ತ್ರಿ ಪೆಟ್ಟಿಗೆ ಹೋಲಿಕೆ ಚೆನ್ನಾಗಿದೆ. ಅದನ್ನೇ ಸ್ವಲ್ಪ ಮುಂದೆ ಎಳೆಯೋಣ. ಪೆಟ್ಟಿಗೆ ಆರಿಸಿದ ಮೇಲೆ ತಳ ತಣ್ಣಗಾಗುತ್ತಾ ಹೋಗುತ್ತದೆ. ಆದರೆ ಹಿಡಿಯನ್ನು ಗಮನಿಸಿ ನೋಡಿ, ಆರಿಸಿದ ಮೇಲೆ ಸ್ವಲ್ಪ ಹೊತ್ತು ಅದು ಬಿಸಿಯಾಗುತ್ತದೆ! ನಿಮ್ಮ ಸೆನ್ಸರ್ ಅಳೆಯುತ್ತಿರುವುದು ಹಿಡಿಯನ್ನು, ತಳವನ್ನಲ್ಲ.

ಒಟ್ಟು ಎಷ್ಟು ಶಾಖ ಒಳಗೆ ಕೂತಿರುತ್ತದೆ ಅಂತ ಒಂದು ಅಂದಾಜು ಹಾಕಿದೆ. ಸಣ್ಣ ಕಾರಿನ ಎಂಜಿನ್ ಅಂದರೆ 60 ಕೆಜಿ ಕಬ್ಬಿಣ, 40 ಕೆಜಿ ಅಲ್ಯೂಮಿನಿಯಂ ಅಂತಿಟ್ಟುಕೊಳ್ಳಿ. ಒಂದು ಕೆಜಿ ಕಬ್ಬಿಣವನ್ನು ಒಂದು ಡಿಗ್ರಿ ಏರಿಸಲು 0.46 ಕಿಲೋಜೂಲ್ ಬೇಕು, ಅಲ್ಯೂಮಿನಿಯಂಗೆ 0.9. ಕೂಲಂಟಿಗೆ ಸುಮಾರು 3.5, ಆಯಿಲಿಗೆ 2. ಕೂಲಂಟ್ 5 ಕೆಜಿ, ಆಯಿಲ್ 4 ಕೆಜಿ. ಎಲ್ಲ ಕೂಡಿದರೆ ಡಿಗ್ರಿಗೆ 90 ಕಿಲೋಜೂಲ್ ಹತ್ತಿರ ಬರುತ್ತದೆ. ಇಲ್ಲೊಂದು ತಮಾಷೆ ನೋಡಿ: 100 ಕೆಜಿ ಲೋಹ ಹಿಡಿದಿಡುವ ಶಾಖದ ಕಾಲು ಭಾಗಕ್ಕಿಂತ ಜಾಸ್ತಿಯನ್ನು ಬರೀ 5 ಕೆಜಿ ಕೂಲಂಟ್ ಹಿಡಿದಿಡುತ್ತದೆ.

90 ಡಿಗ್ರಿಯಿಂದ 30ಕ್ಕೆ ಇಳಿಯುವಷ್ಟರಲ್ಲಿ ಇದು ಹೊರಗೆ ಬಿಡುವುದು ಸುಮಾರು 5.4 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲ್ ಇರುತ್ತದೆ. ಅಂದರೆ ಪ್ರತಿ ಸಲ ಗಾಡಿ ಪೂರ್ತಿ ತಣ್ಣಗಾದಾಗಲೂ ಹೆಚ್ಚೂಕಡಿಮೆ 170 ಮಿಲಿ ಪೆಟ್ರೋಲಿನ ಬಿಸಿ ಗಾಳಿಗೆ ಹೋಯಿತು. ಒಂದು ದೊಡ್ಡ ಲೋಟದಷ್ಟು.

ಹೋಗುವ ವೇಗ? ಓಡುವಾಗ ಕೂಲಂಟ್ ಮೂಲಕ 10 ಸಾವಿರ ವ್ಯಾಟಿಗೂ ಮೇಲೆ ಶಾಖ ಹೊರಹೋಗುತ್ತಿರುತ್ತದೆ. ನಿಂತ ಮೇಲೆ ಮೊದಲ ಗಂಟೆಯಲ್ಲಿ ಅದು 500 ವ್ಯಾಟಿನ ಸುತ್ತಮುತ್ತ ಇದ್ದೀತು. ನಲ್ಲಿಯಿಂದ ಸುರಿಯುತ್ತಿದ್ದದ್ದು ತೊಟ್ಟಿಕ್ಕಲು ಶುರುವಾದಂತೆ. ಅದಕ್ಕೇ ಗಂಟೆಗಟ್ಟಲೆ ಬಿಸಿ ಉಳಿಯುತ್ತದೆ.

ಹಳೇಕಾರ್ಬುರೇಟರ್

ಈಗಿನವರಿಗೆ ಮುಳ್ಳು ಏರಿದ್ದೇ ದೊಡ್ಡ ಸುದ್ದಿ. ನಮ್ಮ ಕಾಲದಲ್ಲಿ ಹೀಟ್ ಸೋಕ್ ಅಂದರೆ ದಾರಿ ಮಧ್ಯೆ ಕೂರುವುದು.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕೂತಿರುತ್ತಿದ್ದದ್ದು ಎಂಜಿನ್ನಿನ ನೆತ್ತಿಯ ಮೇಲೆ. ಗಾಡಿ ಓಡುವಾಗ ಒಳಗೆ ನುಗ್ಗುವ ಗಾಳಿ, ಆವಿಯಾಗುವ ಪೆಟ್ರೋಲ್ ಎರಡೂ ಅದನ್ನು ತಣ್ಣಗಿಡುತ್ತಿದ್ದವು. ನಿಲ್ಲಿಸಿದಿರೋ, ಕೆಳಗಿನ ಬಿಸಿ ಮೇಲಕ್ಕೆ ಬಂದು ಅದರ ಪುಟ್ಟ ತೊಟ್ಟಿ, ಅಂದರೆ ಫ್ಲೋಟ್ ಬೌಲಿನಲ್ಲಿದ್ದ ಪೆಟ್ರೋಲ್ ಕುದಿಯುತ್ತಿತ್ತು. ಕುದ್ದ ಪೆಟ್ರೋಲ್ ಉಕ್ಕಿ ಗಾಳಿ ಒಳಹೋಗುವ ಮ್ಯಾನಿಫೋಲ್ಡಿನೊಳಗೆ ತೊಟ್ಟಿಕ್ಕುತ್ತಿತ್ತು. ಕಾಲು ಗಂಟೆ ಬಿಟ್ಟು ಬಂದು ಸೆಲ್ಫ್ ಹೊಡೆದರೆ ಕುಯ್ಯೋ ಅಂತ ತಿರುಗುತ್ತದೆ, ಹತ್ತುವುದಿಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಅಷ್ಟು ಜಾಸ್ತಿ. ಆಗ ಪೆಡಲ್ ಪಂಪ್ ಮಾಡಿದರೆ ಇನ್ನೂ ಕೆಟ್ಟಿತು. ಒಂದೇ ಸಲ ಪೂರ್ತಿ ಒತ್ತಿ ಹಿಡಿದು, ಗಾಳಿಗೆ ದಾರಿ ಬಿಟ್ಟು ತಿರುಗಿಸಬೇಕು. ಮೂರನೇ ಸಲಕ್ಕೆ ಕಪ್ಪು ಹೊಗೆ ಉಗುಳಿಕೊಂಡು ಏಳುತ್ತಿತ್ತು.

ಐದು ನಿಮಿಷಕ್ಕೆ ಬಂದರೆ ಹತ್ತುತ್ತದೆ, ಎರಡು ಗಂಟೆ ಬಿಟ್ಟು ಬಂದರೂ ಹತ್ತುತ್ತದೆ. ಕಾಲು ಗಂಟೆಗೂ ಮುಕ್ಕಾಲು ಗಂಟೆಗೂ ನಡುವೆ ಬಂದರೆ ಮಾತ್ರ ತಕರಾರು. ಗಡಿಯಾರ ನೋಡಿಕೊಂಡು ಮಾತು ಮುಗಿಸುತ್ತಿದ್ದೆವು ಮಾರಾಯ್ರೇ!

ಗ್ರೀಸ್‌ಕೈ

ಹಿರಿಯರು ಹೇಳಿದ್ದು ನೂರಕ್ಕೆ ನೂರು ನಿಜ. ಕಾರ್ಬುರೇಟರ್ ಬದಲು ಒತ್ತಡದಲ್ಲಿ ಪೆಟ್ರೋಲ್ ಚಿಮುಕಿಸುವ ಇಂಜೆಕ್ಷನ್ ಗಾಡಿಗಳಲ್ಲಿ ಆಫ್ ಆದ ಮೇಲೂ ಪೈಪಿನಲ್ಲಿ ಒತ್ತಡ ನಿಲ್ಲುತ್ತದೆ, ಹಾಗಾಗಿ ಪೆಟ್ರೋಲ್ ಸುಲಭವಾಗಿ ಕುದಿಯುವುದಿಲ್ಲ. ಇವತ್ತಿಗೂ ಬಿಸಿಯಲ್ಲಿ ಮಾತ್ರ ಸ್ಟಾರ್ಟ್ ಆಗಲು ಒದ್ದಾಡುವ ಗಾಡಿ ಬಂದರೆ ನಾನು ನೋಡುವುದು ಅದನ್ನೇ: ಇಂಜೆಕ್ಟರ್ ಜಿನುಗುತ್ತಿದೆಯಾ, ಒತ್ತಡ ಸೋರಿಹೋಗುತ್ತಿದೆಯಾ ಅಂತ.

ಎರಡನೇಗೇರ್

ನನ್ನದು ಟರ್ಬೊ ಡೀಸೆಲ್. ಆಫ್ ಮಾಡುವ ಮುಂಚೆ ಎರಡು ನಿಮಿಷ ಐಡ್ಲಿಂಗ್ ಬಿಡಲೇಬೇಕು ಅಂತ ನಮ್ಮ ಮಾವ ಕಟ್ಟಪ್ಪಣೆ ಮಾಡಿದ್ದಾರೆ. ಗೇಟಿನ ಮುಂದೆ ಗಾಡಿ ಗುರುಗುಟ್ಟುವುದನ್ನು ಕೇಳಿ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ನಿಜವಾಗಲೂ ಬೇಕಾ ಇದು?

ಗ್ರೀಸ್‌ಕೈ

ನಿಮ್ಮ ಮಾವ ಹೇಳಿದ್ದರಲ್ಲಿ ಸತ್ಯ ಇದೆ, ಆದರೆ ದಿನಾ ಅಲ್ಲ.

ಟರ್ಬೊ ಅಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಒಂದು ತುದಿಯಲ್ಲಿ ಎಕ್ಸಾಸ್ಟಿನ ಬೆಂಕಿಯಂಥ ಗಾಳಿ, ನಡುವೆ ಆಯಿಲ್ ಪದರದ ಮೇಲೆ ತೇಲುವ ಬೇರಿಂಗ್. ಘಾಟಿ ಹತ್ತಿಸಿಕೊಂಡು ಬಂದು ತಕ್ಷಣ ಕೀ ತಿರುಗಿಸಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಟರ್ಬೈನಿನ ಬಿಸಿ ಬೇರಿಂಗಿನತ್ತ ಸರಿಯುತ್ತದೆ. ಅಲ್ಲಿ ಉಳಿದ ಎಣ್ಣೆ ಸುಟ್ಟು ಕರಿಯಂತೆ ಗಟ್ಟಿಯಾಗಿ ಕೂರುತ್ತದೆ. ಒಂದು ಸಲಕ್ಕೆ ಏನೂ ಆಗದು, ನೂರು ಸಲಕ್ಕೆ ಆಯಿಲ್ ದಾರಿಯೇ ಕಟ್ಟುತ್ತದೆ. ಬಿಚ್ಚಿದ ಟರ್ಬೊದೊಳಗೆ ಆ ಕರಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದಿದ್ದೇನೆ. ತಾರು ಒಣಗಿದ ಹಾಗಿರುತ್ತದೆ, ಪಕಳೆ ಪಕಳೆಯಾಗಿ ಏಳುತ್ತದೆ.

ಆದರೆ ಮನೆ ಹತ್ತಿರದ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬಂದಿದ್ದರೆ ಅದೇ ಟರ್ಬೊಗೆ ವಿಶ್ರಾಂತಿ. ಇನ್ನೂ ಎರಡು ನಿಮಿಷ ಗುರುಗುಟ್ಟಿಸುವ ಅಗತ್ಯವಿಲ್ಲ. ಹೈವೇ ಪಕ್ಕ ಥಟ್ಟನೆ ನಿಲ್ಲಿಸಬೇಕಾಗಿ ಬಂದರೆ ಮಾತ್ರ ಒಂದೆರಡು ನಿಮಿಷ ಕೊಡಿ. ಈಗಿನ ಅನೇಕ ಟರ್ಬೊಗಳಿಗೆ ಕೂಲಂಟೂ ಹರಿಯುತ್ತದೆ. ಕೆಲವು ಗಾಡಿಗಳಲ್ಲಿ ಅದಕ್ಕೆಂದೇ ಪುಟ್ಟ ಕರೆಂಟ್ ಪಂಪ್ ಇದ್ದು ಆಫ್ ಆದ ಮೇಲೂ ಓಡುತ್ತದೆ.

ಎರಡನೇಗೇರ್

ಇದನ್ನು ಮಾವನಿಗೆ ಓದಿ ಹೇಳಿದೆ. "ಬರೆದವನಿಗೆ ಏನು ಗೊತ್ತು" ಅಂದರು. ಐಡ್ಲಿಂಗ್ ಮುಂದುವರಿದಿದೆ.

ಮಳೆರಾತ್ರಿ

ನನಗೆ ಈ ಚರ್ಚೆಯಲ್ಲಿ ಬೇಕಾದದ್ದು ಆ ಟಿಕ್ ಟಿಕ್ ಸದ್ದು. ಗಾಡಿ ನಿಲ್ಲಿಸಿ ದೀಪ ಆರಿಸಿದ ಮೇಲೆ ಕೆಳಗಿಂದ ಯಾರೋ ಉಗುರಿನಿಂದ ತಗಡು ಬಡಿದ ಹಾಗೆ ಬರುತ್ತದಲ್ಲ, ಮೊದಲು ಪಟಪಟ ಅಂತ, ಆಮೇಲೆ ಬಿಡಿಬಿಡಿಯಾಗಿ, ಕೊನೆಗೆ ನಿಮಿಷಕ್ಕೊಂದು. ಅದು ಏನು? ಒಂದು ದಿನ ಕೂತು ಎಣಿಸಿದ್ದೇನೆ, ಇಪ್ಪತ್ತೈದು ನಿಮಿಷ ಬಂತು.

ಇನ್ನೊಂದು. ಆ ಸದ್ದು ಮುಗಿಯುವುದಕ್ಕೇ ಕಾದಿದ್ದಂತೆ ನಮ್ಮ ಬೀದಿಯ ಬೆಕ್ಕು ಬಾನೆಟ್ ಹತ್ತುತ್ತದೆ. ಸರಿಯಾಗಿ ಎಡಗಡೆ ಮೂಲೆಗೇ ಮಲಗುತ್ತದೆ, ಬಲಗಡೆಗೆ ಯಾವತ್ತೂ ಹೋಗುವುದಿಲ್ಲ.

ಗ್ರೀಸ್‌ಕೈ

ಸದ್ದು ಸೈಲೆನ್ಸರ್ ಲೈನಿನದು. ಪೈಪು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅದರ ಮೇಲಿನ ತಗಡಿನ ಕವಚ ಎಲ್ಲ ಬೇರೆ ಬೇರೆ ದಪ್ಪ. ತೆಳ್ಳಗಿರುವುದು ಬೇಗ ಕುಗ್ಗುತ್ತದೆ, ದಪ್ಪದ್ದು ನಿಧಾನ. ಬೋಲ್ಟ್ ಹಿಡಿದ ಕಡೆ ಬಿಗಿ ಹೆಚ್ಚುತ್ತಾ ಹೋಗಿ ಒಮ್ಮೆ ಟಕ್ ಅಂತ ಜಾರುತ್ತದೆ. ಅದೇ ಟಿಕ್ ಟಿಕ್. ತೊಂದರೆ ಏನಿಲ್ಲ.

ಆದರೆ ಆ ಕನ್ವರ್ಟರ್ ನೂರಾರು ಡಿಗ್ರಿಯಲ್ಲಿ ಇರುತ್ತದೆ ಅನ್ನುವುದು ನೆನಪಿರಲಿ. ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಹುಲ್ಲು ತಗುಲಿದರೆ ಹೊತ್ತಿಕೊಳ್ಳುತ್ತದೆ, ನೀವು ಅಷ್ಟರಲ್ಲಿ ಗಾಡಿ ಬಿಟ್ಟು ದೂರ ಹೋಗಿರುತ್ತೀರಿ.

ಬೆಕ್ಕು ಬುದ್ಧಿವಂತ ಪ್ರಾಣಿ. ಎಂಜಿನ್ ಬ್ಲಾಕ್ ಎಡಕ್ಕಿರಬೇಕು, ಬಲಗಡೆ ಬ್ಯಾಟರಿಯೋ ಏರ್ ಫಿಲ್ಟರೋ ಇರಬೇಕು. ಒಂದು ಮಾತು: ಬಾನೆಟ್ ಮೇಲೆ ಮಲಗಿದ್ದು ಕಾಣುತ್ತದೆ, ಒಳಗೆ ಹೊಕ್ಕಿದ್ದು ಕಾಣುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ತಟ್ಟಿ.

ಹೊಸಲೈಸೆನ್ಸ್

ನಾನು ಸುಮ್ನೆ ಕೂರಲಿಲ್ಲ. ಗೆಳೆಯನಿಂದ ಓಬಿಡಿ ರೀಡರ್ (ಕಾರಿನ ಕಂಪ್ಯೂಟರಿನಿಂದ ಅಂಕಿ ಓದುವ ಸಾಧನ) ಇಸಿದುಕೊಂಡು ನಿನ್ನೆ ಭಾನುವಾರ ಇಡೀ ದಿನ ಅಳೆದೆ. ಬೆಳಿಗ್ಗೆ ಒಂದು ಗಂಟೆ ಓಡಿಸಿ ಬಂದು ನಿಲ್ಲಿಸಿ, ಪ್ರತಿ ಸಲ ಎಂಜಿನ್ ಶುರು ಮಾಡದೆ ಕೀ ಮಾತ್ರ ತಿರುಗಿಸಿ ಕೂಲಂಟ್ ಎಷ್ಟಿದೆ ಅಂತ ಬರೆದುಕೊಂಡೆ. ನೆರಳಲ್ಲಿ ಹೊರಗಿನ ಗಾಳಿ 28 ಡಿಗ್ರಿ.

ಆಫ್ ಮಾಡಿದಾಗ 93. 5 ನಿಮಿಷಕ್ಕೆ 101. 10 ನಿಮಿಷಕ್ಕೆ 107! 20ಕ್ಕೆ 104. 40ಕ್ಕೆ 92, ಅಂದರೆ ಹೊರಟ ಜಾಗಕ್ಕೆ ವಾಪಸ್ ಬರಲು ನಲವತ್ತು ನಿಮಿಷ ಬೇಕಾಯಿತು. 1 ಗಂಟೆಗೆ 84, 2 ಗಂಟೆಗೆ 67, 4 ಗಂಟೆಗೆ 47. 8 ಗಂಟೆ ಆದ ಮೇಲೂ 33, ಕೈ ಇಟ್ಟರೆ ಇನ್ನೂ ಉಗುರು ಬೆಚ್ಚಗಿತ್ತು.

ಗುಳುಗುಳು ಮತ್ತೆ ಬಂತು. ಸರಿಯಾಗಿ ಏಳನೇ ನಿಮಿಷಕ್ಕೆ ಶುರು.

ಲೆಕ್ಕದಮೇಷ್ಟ್ರು

ಎಂಥ ಚೆಂದದ ಅಂಕಿ ತಂದಿರಿ! ಹೊರಗಿನ 28 ಕಳೆದು ನೋಡಿ. 2 ಗಂಟೆಗೆ ವ್ಯತ್ಯಾಸ 39, 4 ಗಂಟೆಗೆ 19. ಎರಡು ಗಂಟೆಗೆ ಅರ್ಧ. ಇನ್ನು ನಾಲ್ಕು ಗಂಟೆ ಬಿಟ್ಟರೆ ಅರ್ಧದ ಅರ್ಧ ಆಗಬೇಕು, ಆಗಿದೆ: 5. ನ್ಯೂಟನ್ 1701ರಲ್ಲಿ ಪ್ರಕಟಿಸಿದ ತಣಿಯುವ ನಿಯಮ ನಿಮ್ಮ ಬಾನೆಟ್ ಕೆಳಗೆ ಕೂತಿದೆ. ಬಿಸಿಯ ವ್ಯತ್ಯಾಸ ಎಷ್ಟಿದೆಯೋ ಅಷ್ಟು ವೇಗದಲ್ಲಿ ಇಳಿಯುತ್ತದೆ.

ಮೊದಲ 40 ನಿಮಿಷಕ್ಕೆ ಮಾತ್ರ ಆ ಲೆಕ್ಕ ಹಿಡಿಸುವುದಿಲ್ಲ. ಯಾಕೆಂದರೆ ಆಗ ಎಂಜಿನ್ ಒಂದು ವಸ್ತುವಲ್ಲ. ಬಿಸಿ ಮ್ಯಾನಿಫೋಲ್ಡ್, ಬೆಚ್ಚನೆ ಬ್ಲಾಕ್, ತಣ್ಣನೆ ರೇಡಿಯೇಟರ್ ಅಂತ ಹಲವು ಮಂದಿ ಸೇರಿದ ಮನೆ. ಮೊದಲು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ. ಹಂಚಿಕೆ ಮುಗಿದ ಮೇಲೆ ಒಟ್ಟಿಗೆ ಹೊರಗೆ ಖರ್ಚು ಮಾಡುತ್ತಾರೆ.

ಗ್ರೀಸ್‌ಕೈ

ಅಂಕಿಯಲ್ಲಿ ನನಗೆ ಬೇಕಾದ್ದು ಎರಡೇ: 107 ಮತ್ತು ಏಳನೇ ನಿಮಿಷ.

ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲಂಟ್ ತೆರೆದ ಪಾತ್ರೆಯಲ್ಲಿ 107-108ಕ್ಕೆ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಅದು 130ರ ಹತ್ತಿರಕ್ಕೆ ಹೋಗುತ್ತದೆ. ಕ್ಯಾಪ್ ಗಟ್ಟಿಯಿದ್ದರೆ 107 ಅಂದರೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ನಿಮ್ಮಲ್ಲಿ ಅದು ಕುದಿಯುತ್ತಿದೆ. ಸೆನ್ಸರಿಗಿಂತ ಎಕ್ಸಾಸ್ಟ್ ವಾಲ್ವಿನ ಪಕ್ಕ ಇನ್ನೂ ಜಾಸ್ತಿ ಬಿಸಿ ಇರುತ್ತದೆ, ಗುಳ್ಳೆ ಅಲ್ಲಿ ಏಳುತ್ತಿದೆ. ಆವಿ ನೀರನ್ನು ತಳ್ಳುತ್ತಿದೆ, ನೀರು ಓವರ್‌ಫ್ಲೋ ಬಾಟಲಿಗೆ ಹೋಗುತ್ತಿದೆ. ಅದೇ ನಿಮ್ಮ ಗುಳುಗುಳು.

ನಾಳೆ ಬೆಳಿಗ್ಗೆ, ಪೂರ್ತಿ ತಣ್ಣಗಾದ ಮೇಲೆ (ಬಿಸಿಯಲ್ಲಿ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ) ಕ್ಯಾಪ್ ತೆಗೆದು ಮೂರು ವಿಷಯ ನೋಡಿ. ರೇಡಿಯೇಟರಿನಲ್ಲಿ ನೀರು ಬಾಯಿಮಟ್ಟ ಇದೆಯಾ? ಕ್ಯಾಪಿನ ರಬ್ಬರ್ ವಾಷರ್ ಹೇಗಿದೆ? ಅದರ ತಳದ ನಡುವೆ ಒಂದು ಪುಟ್ಟ ವಾಲ್ವ್ ಇರುತ್ತದೆ, ಉಗುರಿನಿಂದ ಎಳೆದರೆ ಬಂದು ವಾಪಸ್ ಕೂರಬೇಕು. ತಣ್ಣಗಾಗುವಾಗ ಕೂಲಂಟ್ ಕುಗ್ಗುತ್ತದೆ. ಬಾಟಲಿಗೆ ಹೋದ ನೀರನ್ನು ಹಿಂದಕ್ಕೆ ಎಳೆದುಕೊಳ್ಳುವುದು ಆ ವಾಲ್ವ್ ಮೂಲಕವೇ. ಅದು ಅಂಟಿಕೊಂಡಿದ್ದರೆ ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಿರುತ್ತದೆ.

ಇನ್ನೊಂದು: ಮುಳ್ಳು ನಡುವೆ ಇದೆ ಅಂತ ನಂಬಿ ಕೂರಬೇಡಿ. ಬಹಳ ಗಾಡಿಗಳಲ್ಲಿ 75-80ರಿಂದ 105ರವರೆಗೆ ಮುಳ್ಳು ಬೇಕೆಂದೇ ಒಂದೇ ಕಡೆ ನಿಲ್ಲುವಂತೆ ಮಾಡಿರುತ್ತಾರೆ, ಓಡಿಸುವವರು ಗಾಬರಿಯಾಗದಿರಲಿ ಅಂತ. ಅದು ಅಲ್ಲಾಡಿತು ಅಂದರೆ ನೋಡಬೇಕು.

ಮಳೆರಾತ್ರಿ

ಇಷ್ಟೆಲ್ಲ ಬಿಸಿ ಸುಮ್ನೆ ಗಾಳಿಗೆ ಹೋಗುತ್ತದಲ್ಲ, ಹಿಡಿದಿಡೋಕೆ ಯಾರೂ ಯೋಚನೆ ಮಾಡಿಲ್ವಾ?

ಲೆಕ್ಕದಮೇಷ್ಟ್ರು

ಮಾಡಿದ್ದಾರೆ. 2004ರ ಮಾಡೆಲ್ ಆಗಿ ಬಂದ ಎರಡನೇ ತಲೆಮಾರಿನ ಟೊಯೋಟಾ ಪ್ರಿಯಸ್‌ಗೆ ಅಮೆರಿಕದಲ್ಲಿ ಒಂದು ಫ್ಲಾಸ್ಕ್ ಇತ್ತು, ನಿಜವಾದ ಫ್ಲಾಸ್ಕ್. ಆಫ್ ಮಾಡಿದಾಗ ಸುಮಾರು 3 ಲೀಟರ್ ಬಿಸಿ ಕೂಲಂಟನ್ನು ಪಂಪ್ ಅದರೊಳಗೆ ತುಂಬಿಡುತ್ತಿತ್ತು. ಮೂರು ದಿನದವರೆಗೂ ಬಿಸಿ ಉಳಿಯುತ್ತಿತ್ತು. ಮುಂದಿನ ಸಲ ಸ್ಟಾರ್ಟ್ ಮಾಡುವ ಮುಂಚೆ ಹೆಡ್ಡಿಗೆ ಹರಿಸಿದರೆ ತಣ್ಣನೆ ಎಂಜಿನ್ ಕಾರುವ ಕೆಟ್ಟ ಹೊಗೆ ಕಡಿಮೆ. ಮರ್ಸಿಡಿಸ್ ಗಾಡಿಗಳಲ್ಲಿ ರೆಸ್ಟ್ ಅಂತ ಒಂದು ಗುಂಡಿ ಇರುತ್ತಿತ್ತು. ಎಂಜಿನ್ ಆಫ್ ಇದ್ದರೂ ಉಳಿದ ಬಿಸಿಯನ್ನು ಪುಟ್ಟ ಪಂಪಿನಿಂದ ಹೀಟರಿಗೆ ಹರಿಸಿ ಒಳಗೆ ಬೆಚ್ಚಗಿಡುತ್ತದೆ. ಚಳಿ ದೇಶದವರ ಜಾಣತನ.

ಹಳೇಕಾರ್ಬುರೇಟರ್

ಪಂಪೇ ಇಲ್ಲದ ಗಾಡಿಯೂ ಇತ್ತು. ಫೋರ್ಡ್ ಮಾಡೆಲ್ ಟಿ. ಶುರುವಿನ ಕೆಲವು ಗಾಡಿ ಬಿಟ್ಟರೆ ಮಿಕ್ಕವಕ್ಕೆ ವಾಟರ್ ಪಂಪೇ ಇರಲಿಲ್ಲ. ಬಿಸಿ ನೀರು ಹಗುರಾಗಿ ತಾನೇ ಮೇಲೇರಿ ರೇಡಿಯೇಟರಿಗೆ ಬರುತ್ತದೆ, ತಣಿದು ಕೆಳಗಿಂದ ಒಳಹೋಗುತ್ತದೆ. ಆಫ್ ಮಾಡಿದರೂ ನೀರಿಗೆ ಅದು ಗೊತ್ತಾಗುವುದಿಲ್ಲ, ತಿರುಗುತ್ತಲೇ ಇರುತ್ತದೆ.

ಹೊಸಲೈಸೆನ್ಸ್

ಎಲ್ಲರಿಗೂ ಹೇಳಬೇಕಾದ್ದು ಇದೆ.

ಬೆಳಿಗ್ಗೆ ಆರಕ್ಕೆ ಕ್ಯಾಪ್ ತೆಗೆದೆ. ರೇಡಿಯೇಟರಿನಲ್ಲಿ ನೀರು ಬಾಯಿಂದ ನಾಲ್ಕು ಬೆರಳು ಕೆಳಗಿತ್ತು. ಬಾಟಲಿ ಮಾತ್ರ ಮ್ಯಾಕ್ಸ್ ಗೆರೆ ದಾಟಿ ತುಂಬಿತ್ತು. ಕ್ಯಾಪಿನ ರಬ್ಬರ್ ಮುಟ್ಟಿದರೆ ಪ್ಲಾಸ್ಟಿಕ್ಕಿನಂತೆ ಗಟ್ಟಿ, ಒಂದು ಕಡೆ ಕೂದಲಷ್ಟು ಸೀಳು. ನಡುವಿನ ವಾಲ್ವ್ ಎಳೆದರೆ ಬರಲೇ ಇಲ್ಲ, ಹಸಿರು ಪುಡಿ ಕಟ್ಟಿಕೊಂಡು ಕಚ್ಚಿಕೊಂಡಿತ್ತು.

ಅದೇ ಅಳತೆಯ ಹೊಸ ಕ್ಯಾಪ್ ಹಾಕಿ, ಕೂಲಂಟ್ ತುಂಬಿ, ಗಾಳಿ ತೆಗೆದು, ಅದೇ ರಸ್ತೆಯಲ್ಲಿ ಅಷ್ಟೇ ಹೊತ್ತು ಓಡಿಸಿ ಬಂದೆ. ಆಫ್ ಮಾಡಿದಾಗ 92. 5 ನಿಮಿಷಕ್ಕೆ 98, 10 ನಿಮಿಷಕ್ಕೆ 101. ಮುಳ್ಳು ಅಲ್ಲಾಡಲಿಲ್ಲ. ಏಳನೇ ನಿಮಿಷಕ್ಕೆ ಬಾನೆಟ್ ಹತ್ತಿರ ಕಿವಿ ಇಟ್ಟು ನಿಂತಿದ್ದೆ. ಟಿಕ್ ಟಿಕ್ ಮಾತ್ರ.

ಗ್ರೀಸ್‌ಕೈ

ವಾರ ಬಿಟ್ಟು ತಣ್ಣಗಿರುವಾಗ ಇನ್ನೊಮ್ಮೆ ಮಟ್ಟ ನೋಡಿ. ಕಡಿಮೆಯಾಗಿದ್ದರೆ ಬರೆಯಿರಿ, ಹೋಸ್ ಕ್ಲಾಂಪ್‌ಗಳನ್ನು ನೋಡೋಣ.